ಸುಳಿ ನೋಡುವ ಪುಟ್ಟರಂಗಯ್ಯ

ನಮ್ಮ ನಿಟ್ಟೂರಿನಲ್ಲಿ ಪುಟ್ಟರಂಗಯ್ಯನಂಥ ಪುಕ್ಕಲನನ್ನು ನಾನು ಕಂಡಿಲ್ಲ. ಮೂವತ್ತು ವರ್ಷದಿಂದ ತೆಂಗಿನಮರ ಹತ್ತುವುದೇ ಅವನ ಕಸುಬು. ಆದರೂ ಹತ್ತುವ ಮುಂಚೆ ಪ್ರತಿ ಮರಕ್ಕೂ ಎರಡು ಸುತ್ತು ಬಂದು, ಕತ್ತೆತ್ತಿ ಮರದ ನೆತ್ತಿಯ ಎಳೆಗರಿ, ಅದೇ ಸುಳಿ, ನೋಡುತ್ತಾನೆ. ಕಾಯುವವರಿಗೆ ತಲೆ ಕೆಡುತ್ತದೆ. "ಏನಯ್ಯಾ, ಹೆಣ್ಣು ನೋಡೋಕೆ ಬಂದಿದೀಯಾ?" ಎಂದು ನಾನೇ ಎಷ್ಟು ಸಲ ರೇಗಿಸಿದ್ದೇನೋ.

ಅವನ ಲೆಕ್ಕ ಇಷ್ಟೇ. ಎಳೆಯದರಲ್ಲಿ ಬೆಳಕು ಹುಡುಕಿಕೊಂಡು ಮರ ಎತ್ತ ಬೇಕಾದರೂ ಬಾಗಲಿ, ಸುಳಿ ಮಾತ್ರ ಮತ್ತೆ ಮೇಲಕ್ಕೇ ತಿರುಗುತ್ತದೆ. ಕಾಂಡ ಡೊಂಕಾದರೂ ತಲೆ ನೆಟ್ಟಗಿದ್ದರೆ ಭಯವಿಲ್ಲ. ಸುಳಿಯೂ ಓರೆಯಾಗಿದ್ದರೆ ಮರ ಈಗೀಗ ವಾಲಿದೆ, ತಿರುಗಿಕೊಳ್ಳಲು ಸುಳಿಗೆ ಪುರುಸೊತ್ತು ಸಿಕ್ಕಿಲ್ಲ ಎಂದರ್ಥ. ಅಂಥದ್ದನ್ನು ಹತ್ತಬಾರದು.

ಹೋದ ಕಾರ್ತಿಕದಲ್ಲಿ ನಮ್ಮ ತೋಟಕ್ಕೆ ಅವನ ಮಗಳು ಅಕ್ಷತಾ ಒಬ್ಬಳೇ ಬಂದಳು. ಮರ ಹತ್ತುವ ಮಷೀನಿನ ತರಬೇತಿ ಆಗಷ್ಟೇ ಮುಗಿಸಿದ್ದಳು. ಅಪ್ಪ ಗುಬ್ಬಿಯಿಂದ ಬರುವಷ್ಟರಲ್ಲಿ ನಾಲ್ಕು ಮರ ಮುಗಿಸುತ್ತೇನೆ ಎಂದಳು. ಬೇಲಿ ಪಕ್ಕದ ಡೊಂಕು ಮರದ ಹತ್ತಿರ ಅನುಮಾನಿಸಿದಳು. "ಇದು ನಮ್ಮಪ್ಪನ ಕಾಲದಿಂದ್ಲೂ ಹಿಂಗೇ ಕಣಮ್ಮ, ಹತ್ತು" ಅಂದೆ.

ಅವಳು ಗೊನೆ ಮುಟ್ಟುವ ಹೊತ್ತಿಗೆ ಪುಟ್ಟರಂಗಯ್ಯ ಬಂದ. ಗಾಡಿ ನಿಲ್ಲಿಸಿ ಮೇಲೆ ನೋಡಿದವನ ಮುಖ ಬಿಳಿಚಿಕೊಂಡಿತು. ನನ್ನ ಹತ್ತಿರ ಬಂದು ಮೆಲ್ಲಗೆ, "ಷಡಕ್ಷರಣ್ಣ, ಬುಡದಲ್ಲಿ ಮಣ್ಣು ಏನಾದ್ರೂ ತೆಗ್ಸಿದ್ರಾ?" ಎಂದ.

ತೆಗೆಸಿದ್ದೆ. ಹದಿನೈದು ದಿನದ ಹಿಂದೆ ಪೈಪ್ ಹಾಕಿಸಲು ಜೆಸಿಬಿ ತರಿಸಿ ಬೇಲಿ ಉದ್ದಕ್ಕೂ ಅಗೆಸಿ ಮುಚ್ಚಿಸಿದ್ದೆ. ಆ ಮರದ ಒಂದು ಪಕ್ಕದ ಬೇರು ಪೂರಾ ಹರಿದದ್ದನ್ನು ಕಣ್ಣಾರೆ ಕಂಡಿದ್ದೆ. ಹುಡುಗಿ ನನ್ನ ಮಾತಿಗೇ ಹತ್ತಿದ್ದಳು. ಆದರೂ ಬಾಯಿಂದ ಬಂದದ್ದು "ಇಲ್ಲ" ಎಂಬ ಮಾತು.

ಅವನು ನನ್ನ ಮುಖ ನೋಡಲಿಲ್ಲ, ಇನ್ನೊಂದು ಸಲ ಆ ಓರೆಯಾದ ಸುಳಿ ನೋಡಿದ. ಆಮೇಲೆ ಊಟಕ್ಕೆ ಕರೆಯುವ ದನಿಯಲ್ಲಿ, "ಅಕ್ಷೂ, ಕಾಯಿ ಬುಡು ಮಗ. ನಿಧಾನಕ್ಕೆ ಇಳಿ, ಜಗ್ಗಬ್ಯಾಡ" ಎಂದ.

"ಯಾಕಪ್ಪಾ?"

"ಸುಮ್ನೆ ಇಳಿ."

ಅವಳು ಒಂದೊಂದು ಹೆಜ್ಜೆ ಇಳಿದಾಗಲೂ ಬುಡದ ಮಣ್ಣು ಬಿರಿಯುತ್ತಿತ್ತು. ಅವನು ಮರ ವಾಲಿದ ಕಡೆಯೇ ನಿಂತಿದ್ದ. ಈಚೆ ಬಾರಯ್ಯ ಎಂದರೂ ಕದಲಲಿಲ್ಲ. ಆ ಮಗು ನೆಲ ಮುಟ್ಟಲಿ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು ಎಂದು ಶಿವನನ್ನು ಬೇಡಿಕೊಂಡೆ.

ಇಳಿದಳು. ಅವನು ಅವಳ ರಟ್ಟೆ ಹಿಡಿದು ದೂರ ಎಳೆದುಕೊಂಡು ಹೋಗಿ ಕುಸಿದು ಕೂತ.

ಮೂರನೇ ದಿನ ಗಾಳಿಯಿಲ್ಲ ಮಳೆಯಿಲ್ಲ, ಮರ ಬುಡಸಮೇತ ಮಲಗಿತು. ಆವತ್ತು ಸಂಜೆ ಅವನ ಮನೆಗೆ ಹೋಗಿ, ಮಗಳ ಎದುರಿಗೇ ಇದ್ದದ್ದು ಇದ್ದಂತೆ ಹೇಳಿದೆ. ಅವನು ಮಚ್ಚು ಮಸೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಬುಡಿ, ಮರ ಆವತ್ತೇ ಹೇಳ್ತು" ಎಂದ. ಮಚ್ಚಿನ ಅಲಗು ಮಗುಚಿ ಹಾಕಿ, "ನನ್ ಮಗಳು ಮೇಲಿದ್ಲು, ಷಡಕ್ಷರಣ್ಣ. ನೀವೂ ಹೇಳ್ಬೋದಿತ್ತು" ಎಂದ.