ಬೀಗದಕ್ಕನ ಜಾಹೀರಾತು

ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಯಾರಿಗೂ ಬೇಕಾಗಿರಲಿಲ್ಲ. ಓಣಿಗೆಲ್ಲ ಆಕೆ ಬೀಗದಕ್ಕ. ಗಂಡ ತೀರಿಹೋಗುವಾಗ ಒಂದು ಸಲಕರಣೆ ಪೆಟ್ಟಿಗೆಯನ್ನೂ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದ. ಕೀಲಿ ಕಳೆದುಕೊಂಡು ಯಾರೇ ಕರೆಯಲಿ, ಪಕ್ಕದ ಮನೆಯವರನ್ನು ಹೊರಗೆ ಕರೆದು, ಇದು ಇವರದೇ ಮನೆ ಎಂದು ಅವರ ಬಾಯಿಂದ ಹೇಳಿಸದೆ ಬೀಗಕ್ಕೆ ಕಡ್ಡಿ ಹಾಕಕೂಡದು. ಕರೆದವರು ಗೊಣಗುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು ಬಂದೆ ಎಂದು ಪಕ್ಕದ ಮನೆಯವರು ಮುಖ ಸಿಂಡರಿಸುತ್ತಿದ್ದರು. ಬೀಗದಕ್ಕ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ.

ಆಮೇಲೆ ಕಾಲ ಕೆಟ್ಟಿತು ಅನ್ನುವುದಕ್ಕಿಂತ ಫೋನು ಬಂತು ಅನ್ನುವುದೇ ಸರಿ. ಬಾಗಿಲಾಚೆ ಸಿಕ್ಕಿಕೊಂಡವರು ಈಗ ಓಣಿಯಲ್ಲಿ ವಿಚಾರಿಸುವುದಿಲ್ಲ, ನಿಂತಲ್ಲೇ ಫೋನನ್ನು ಕೇಳುತ್ತಾರೆ. ಆ ಫೋನಿಗೆ ಬೀಗದಕ್ಕನ ಗುರುತೇ ಇರಲಿಲ್ಲ. ದಿನವಿಡೀ ಅಂಗಡಿಯಲ್ಲಿ ಕೂತು ಒಂದೆರಡು ನಕಲಿ ಕೀಲಿ ಕೊರೆದು ಮನೆಗೆ ಬರುವುದಾಯಿತು. ಬಾಗಿಲು ಮುಚ್ಚಬೇಕಾದೀತು ಎಂಬ ಹೆದರಿಕೆ ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ.

ದಾರಿ ತೋರಿಸಿದವಳು ಸೊಸೆ. ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ಕಂಪ್ಯೂಟರ್ ಅಂದರೆ ನೀರು ಕುಡಿದಷ್ಟು ಸುಲಭ. ಫೋನಿನಲ್ಲಿ ಜಾಹೀರಾತು ಹಾಕಿದರೆ, ಯಾರಾದರೂ ಬೀಗದವರನ್ನು ಹುಡುಕಿದಾಗ ನಮ್ಮ ಹೆಸರು ಎಲ್ಲರಿಗಿಂತ ಮೇಲೆ ಬರುತ್ತದೆ, ಅವರು ಅದನ್ನು ಒತ್ತಿದರೆ ಮಾತ್ರ ನಾವು ದುಡ್ಡು ಕೊಡಬೇಕು, ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಬಹುದು ಎಂದು ಬಿಡಿಸಿ ಹೇಳಿದಳು. ಒತ್ತಿ ಸುಮ್ಮನೆ ಹೋದರೂ ಕೊಡಬೇಕಾ ಎಂದು ಅತ್ತೆ ಕೇಳಿದರು. ಕೊಡಬೇಕು ಎಂದಳು. ಇದೆಂಥ ಅನ್ಯಾಯದ ವ್ಯಾಪಾರ ಎಂದುಕೊಂಡರೂ ಬೀಗದಕ್ಕ ಒಪ್ಪಿದರು.

ಮೊದಲ ವಾರ ನಗೆಪಾಟಲು. ಒಬ್ಬ ತನ್ನ ಫೋನಿನ ಲಾಕ್ ಮರೆತಿದ್ದ. ಇನ್ನೊಬ್ಬಳಿಗೆ ಬ್ಯಾಂಕ್ ಲಾಕರ್ ಬೇಕಿತ್ತು. ಸೊಸೆ ಸಂಜೆ ಕೂತು, ಯಾವ ಪದ ಹುಡುಕಿದವರಿಗೆ ನಮ್ಮ ಜಾಹೀರಾತು ಕಾಣಿಸಬಾರದು ಎಂದು ಒಂದೊಂದೇ ಪದ ಸೇರಿಸಿದಳು. ಜಾಹೀರಾತಿನ ಸಾಲನ್ನೂ ಬದಲಾಯಿಸಿದಳು. ಅಗ್ಗ, ನಂಬಿಕಸ್ಥರು ಎಂದು ಎಲ್ಲರೂ ಹಾಕುತ್ತಾರೆ, ಯಾರೂ ಹಾಕದ್ದು ಬೇಕು ಎಂದು ಇವಳು ಬರೆದದ್ದು ಹೀಗೆ: ‘ಹದಿನೈದು ನಿಮಿಷದಲ್ಲಿ ಬಾಗಿಲು ತೆಗೆಯುತ್ತೇವೆ. ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ.’

ಬೀಗದಕ್ಕನಿಗೆ ಅದು ಸರಿಬರಲಿಲ್ಲ. ಪಕ್ಕದ ಮನೆಯವರ ಮಾತೆತ್ತಿದರು. ಹಗಲು ಹೊತ್ತು ಪಕ್ಕದ ಮನೆಯಲ್ಲಿ ಯಾರಿರುತ್ತಾರೆ, ನಾವು ಸಾಕ್ಷಿ ಹುಡುಕುವಷ್ಟರಲ್ಲಿ ಗಿರಾಕಿ ಇನ್ನೊಬ್ಬರಿಗೆ ಫೋನ್ ಮಾಡಿರುತ್ತಾನೆ ಎಂದಳು ಸೊಸೆ. ಮುಚ್ಚಿದ ಅಂಗಡಿ ಕಣ್ಣಮುಂದೆ ಬಂದು ಬೀಗದಕ್ಕ ಆಯಿತು ಹಾಕು ಎಂದರು. ಮಾರನೆಯ ದಿನದಿಂದ ಕರೆಗಳು ಬರತೊಡಗಿದವು. ಕಟ್ಟಳೆ ತಾನಾಗಿಯೇ ಸಡಿಲವಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಗಂಡಸಿನ ಕರೆ ಬಂತು. ನಾಲ್ಕನೆಯ ಮಹಡಿ, ಕೀಲಿ ಕಳೆದಿದೆ ಎಂದ. ಬೀಗದಕ್ಕ ಹೋದಾಗ ಮೆಟ್ಟಿಲ ಬಳಿಯೇ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು, ಪೆಟ್ಟಿಗೆ ತಾನೇ ಹೊತ್ತುಕೊಂಡ. ಎದುರು ಮನೆಗೆ ಹೊರಗಿನಿಂದ ಬೀಗ ಬಿದ್ದಿತ್ತು. ಈ ಮನೆಯ ಹೊಸಿಲಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ ಇದ್ದವು. ಹೆಂಡತಿ ಊರಿಗೆ ಹೋಗಿದ್ದಾಳೆ ಎಂದು ಕೇಳುವ ಮೊದಲೇ ಅವನು ಹೇಳಿದ.

ಬೀಗದಕ್ಕ ಮಂಡಿಯೂರಿ ಕಡ್ಡಿ ತೂರಿಸಿದರು. ಅದು ಅರ್ಧಕ್ಕೇ ನಿಂತಿತು. ಮೆಲ್ಲಗೆ ಆಡಿಸಿದರು. ಬೀಗದ ಕೆಲಸದವರ ಬೆರಳಿಗೆ ಮಾತ್ರ ತಿಳಿಯುವ ಸಂಗತಿ ಅದು: ರಂಧ್ರದ ಆಚೆಯಿಂದ ಇನ್ನೊಂದು ಕೀಲಿ ಹಾಕಿದೆ. ಅಂದರೆ ಒಳಗಿನಿಂದ ಬೀಗ ಹಾಕಿಕೊಂಡು ಯಾರೋ ಇದ್ದಾರೆ. ಅಷ್ಟರಲ್ಲಿ ಕಡ್ಡಿಯ ತುದಿ ಸಣ್ಣಗೆ ಅಲುಗಿತು. ಆಚೆಗಿದ್ದವರು ಆ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಬೀಗದಕ್ಕ ತಲೆಯೆತ್ತದೆ, ಒಳಗೆ ಯಾರಿದ್ದಾರೆ ಸರ್ ಎಂದರು.

ಅವನು ನಕ್ಕ. “ಪ್ರಶ್ನೆ ಕೇಳಲ್ಲ ಅಂತ ಹಾಕಿದ್ದೀರಲ್ಲಮ್ಮ. ಅದನ್ನ ನೋಡೇ ನಿಮ್ಮನ್ನ ಕರೆದದ್ದು.”

ಅವನ ಬೂಟು ಬೀಗದಕ್ಕನ ಸೆರಗಿನ ಅಂಚಿನ ಮೇಲಿತ್ತು. ಕೂಗಿದರೆ ಕೇಳುವವರಿಲ್ಲ. ಎದ್ದು ಹೋಗಲು ಬಿಡುತ್ತಾನೋ ಇಲ್ಲವೋ ಗೊತ್ತಿಲ್ಲ. ಬೀಗದಕ್ಕನಿಗೆ ಜೀವಭಯವೆಂದರೇನೆಂದು ಐವತ್ತಾರನೆಯ ವಯಸ್ಸಿನಲ್ಲಿ ಅಲ್ಲಿ ಅರ್ಥವಾಯಿತು. ಆದರೂ ಕೈ ತನ್ನ ಕೆಲಸ ಮರೆಯಲಿಲ್ಲ. ಕಡ್ಡಿಯನ್ನು ಅಡ್ಡಕ್ಕೆ ತಿರುಗಿಸಿ ಒತ್ತಿ ಹಿಡಿದರು, ಅದು ರಂಧ್ರದೊಳಗೇ ಪಟಕ್ಕನೆ ಮುರಿಯಿತು. ಇಷ್ಟು ವರ್ಷಗಳಲ್ಲಿ ಬೇಕೆಂದೇ ಕೆಡಿಸಿದ ಒಂದೇ ಬೀಗ ಅದು.

“ಅಯ್ಯೋ, ಸಿಕ್ಕಿಹಾಕ್ಕೊಂಡಿತು. ಇನ್ನು ಕೊರೆದೇ ತೆಗೀಬೇಕು ಸರ್. ಮೆಷಿನ್ ಕೆಳಗೆ ಗಾಡೀಲಿದೆ, ತರ್ತೀನಿ ಇರಿ.”

ಅವನು ಸ್ವಲ್ಪ ಹೊತ್ತು ಮುಖ ನೋಡಿದ. ಆಮೇಲೆ ಕಾಲು ತೆಗೆದ. ಬೀಗದಕ್ಕ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ನಾಲ್ಕು ಮಹಡಿ ಇಳಿದರು. ಗೇಟಿನಾಚೆಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿ ಮನೆಯ ನಂಬರು ಹೇಳಿದರು.

ಪೊಲೀಸರು ಬರುವಷ್ಟರಲ್ಲಿ ಅವನು ಮಾಯ. ಬಾಗಿಲು ಕೊರೆದು ತೆಗೆಯಲು ಬೀಗದಕ್ಕನೇ ಬೇಕಾಯಿತು. ಒಳಗಿದ್ದವಳು ಮೂವತ್ತರ ಹೆಣ್ಣುಮಗಳು, ಕೀಲಿ ಹಿಡಿದ ಕೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಓಡಿಹೋದವನು ಅವಳ ಗಂಡನಂತೆ. ಅವನಿಗೆ ಹೆದರಿಯೇ ಮೂರು ತಿಂಗಳ ಹಿಂದೆ ಈ ಮನೆಗೆ ಬಂದಿದ್ದಳಂತೆ. ಪೊಲೀಸರು ಕೇಳಿದ್ದಕ್ಕೆಲ್ಲ ಸಣ್ಣ ದನಿಯಲ್ಲಿ ಉತ್ತರಿಸಿ, ಕೊನೆಗೆ ಬೀಗದಕ್ಕನ ಕಡೆ ತಿರುಗಿ, “ಅವನು ಬಿಡಲ್ಲ ಅಕ್ಕ. ಇನ್ನೊಬ್ಬರನ್ನ ಹುಡುಕಿ ಕರ್ಕೊಂಡು ಬರ್ತಾನೆ” ಎಂದಳು. ಬೀಗದಕ್ಕನಿಗೆ ಅವಳ ಮುಖ ನೋಡಲಾಗಲಿಲ್ಲ. ಹೊಸ ಬೀಗ ಕೂಡಿಸಿ, ಹಣ ತೆಗೆದುಕೊಳ್ಳದೆ ಬಂದರು.

ಸೊಸೆ ಸುದ್ದಿ ಕೇಳಿ ಅತ್ತುಬಿಟ್ಟಳು. ಆ ಸಾಲು ಬರೆದ ಕೈ ನನ್ನದು ಎಂದು ಹಣೆ ಚಚ್ಚಿಕೊಂಡಳು. ಜಾಹೀರಾತನ್ನೇ ನಿಲ್ಲಿಸಿಬಿಡುತ್ತೇನೆ ಎಂದು ಫೋನ್ ತೆಗೆದಾಗ ಬೀಗದಕ್ಕ ಅವಳ ಕೈ ಹಿಡಿದರು. ಹುಡುಕಿದರೆ ಬರುವ ಪುಟದಲ್ಲಿ ತಮ್ಮ ಹೆಸರಿನ ಕೆಳಗೆ ಇನ್ನೂ ನಾಲ್ವರು ಬೀಗದವರಿದ್ದರು. ತಮ್ಮದು ಹೋದರೆ ಎರಡನೆಯವನು ಮೇಲೆ ಬರುತ್ತಾನೆ. ಅವನು ಪಕ್ಕದ ಮನೆಯವರನ್ನು ಕೇಳುವವನೋ ಅಲ್ಲವೋ ಯಾರು ಬಲ್ಲರು?

“ನಿಲ್ಲಿಸಬೇಡ ಕಣೇ. ಅವನಿಗೆ ಬೇಕಾದ್ದು ಆ ಸಾಲು, ಅದೂ ಹಾಗೇ ಇರಲಿ. ಎಷ್ಟು ಖರ್ಚಾದರೂ ಆಗಲಿ, ನಮ್ಮನ್ನ ಮೇಲೇ ಇಡು. ಅವನು ಮತ್ತೆ ಹುಡುಕಿದಾಗ ಮೊದಲು ನಾನೇ ಸಿಗಬೇಕು.”

“ನಮ್ಮ ನಂಬರೂ ನಿಮ್ಮ ದನಿಯೂ ಅವನಿಗೆ ಗೊತ್ತಲ್ಲ ಅತ್ತೆ?”

“ಅಂಗಡಿಗೆ ಬೇರೆ ಹೆಸರು, ಬೇರೆ ನಂಬರು ಹಾಕು. ಫೋನು ನೀನು ಎತ್ತು. ಬರ್ತೀವಿ ಅನ್ನು. ಪೊಲೀಸರಿಗೆ ನಾನು ಹೇಳ್ತೀನಿ.”

ಸೊಸೆ ಝೆರಾಕ್ಸ್ ಅಂಗಡಿಯ ಕೆಲಸ ಬಿಟ್ಟು ಬೀಗದಂಗಡಿಯಲ್ಲಿ ಕೂತಳು. ಕರೆದ ಗಿರಾಕಿಗಳ ಬಾಗಿಲ ಮುಂದೆ ಬೀಗದಕ್ಕ ಈಗ ಒಬ್ಬರಲ್ಲ, ಇಬ್ಬರು ನೆರೆಯವರನ್ನು ಕರೆಸುತ್ತಾರೆ. ಅಂಗಡಿಯಲ್ಲಿ ಫೋನ್ ಹೊಡೆದುಕೊಂಡರೆ ಇಬ್ಬರೂ ಕೈಲಿದ್ದ ಕೆಲಸ ಬಿಡುತ್ತಾರೆ. ಸೊಸೆ ಎತ್ತಿ ಮಾತಾಡುವಾಗ ಅತ್ತೆ ಅವಳ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ, ಇವನೇನಾ, ಇವನಲ್ಲವಾ ಎಂದು.