ಹೌರಗ ಹಿಡಿ, ತುಟ್ಟಿದು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು, ಸಣ್ಣ ಉಳಿಯ ಬಾಯಿಯಂತೆ ಚೌಕವಾಗಿ ಕತ್ತರಿಸಿದ್ದು. ಉಳಿದ ಒಂಬತ್ತನ್ನೂ ಮಾಂಸ ಕಾಣುವವರೆಗೆ ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದು ಉಗುರನ್ನು ಬೆಳೆಸಿದ್ದು ಗೇಣುದ್ದದ ಕಾರುಗಳ ಬಾಗಿಲು ತೆರೆಯಲಿಕ್ಕೆ.

ಮುಂಬಯಿಯ ಫೋರ್ಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅವರ ಚೇಂಬರು. ಧಾರವಾಡದವರು. ರಸ್ತೆ ಅಪಘಾತದ ಪರಿಹಾರ ಮೊಕದ್ದಮೆಗಳಲ್ಲಿ ವಿಮಾ ಕಂಪನಿಯ ಪರ ವಾದಿಸುತ್ತಿದ್ದರು. ಬಿಡಿಸಿ ಹೇಳಿದರೆ, ಗಾಡಿ ಹಾಯಿಸಿದವರ ಪರ. ನಾನು ಎರಡು ವರ್ಷ ಅವರ ಜೂನಿಯರ್ ಆಗಿದ್ದೆ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕು ಎನ್ನುವವರಿದ್ದಾರೆ. ಯಾಕೆ ಎಂದು ಕೇಳಿದರೆ ಮುಖ ಸಿಂಡರಿಸುತ್ತಾರೆಯೇ ಹೊರತು ಕಾರಣ ಕೊಡುವುದಿಲ್ಲ. ಆದ್ದರಿಂದ ನಾನು ನಡೆದದ್ದನ್ನು ಬರೆಯುತ್ತೇನೆ.

ಮೊದಲ ದಿನ ನನ್ನ ಬಯೋಡೇಟಾವನ್ನು ಉಗುರಿನಿಂದ ಕೆಳಗೆ ಜಾರಿಸುತ್ತ ಒಂದು ಸಾಲಿನಲ್ಲಿ ನಿಂತರು.

"ಡಿಬೇಟ್‌ನ್ಯಾಗ ಎಷ್ಟ ಕಪ್ ಗೆದ್ದೀ?"

"ಹನ್ನೊಂದು ಸರ್."

"ಸೋತವರು ಯಾರರ ಅತ್ತಾರೇನು?"

"ಇಲ್ಲ ಸರ್. ಹ್ಯಾಂಡ್‌ಶೇಕ್ ಮಾಡಿ ಎಲ್ರೂ ಫೋಟೋ ತೆಗೆಸ್ಕೊಂಡ್ವಿ."

"ಹಂಗಾರ ಅದು ಆಟ. ಇಲ್ಲಿ ಸೋತವರು ಫೋಟೋಕ್ಕ ನಿಲ್ಲಂಗಿಲ್ಲ. ನಾಳೆ ಹತ್ತಕ್ಕ ಬಾ."

ಅವರ ಹಿಂದೆ ಗೋಡೆಯ ತುಂಬ ಗಾಜಿನ ಕಪಾಟು. ಅದರೊಳಗೆ ಲೋಹದಲ್ಲಿ ಎರಕ ಹೊಯ್ದ ಕಾರುಗಳು, ನಿಜವಾದದ್ದರ ಹದಿನೆಂಟನೆಯ ಒಂದು ಪಾಲಿನ ಅಳತೆಯವು. ಸಂಗ್ರಹಕಾರರು ಇಂಥವನ್ನು ಪ್ರೀತಿಗೆ ಕೊಳ್ಳುತ್ತಾರೆ. ಇವರು ಕೇಸಿಗೊಂದರಂತೆ ಕೊಳ್ಳುತ್ತಿದ್ದರು. ಪೊಲೀಸ್ ದಾಖಲೆಯಲ್ಲಿರುವ ಅದೇ ಗಾಡಿ, ಅದೇ ಬಣ್ಣ. ಗೆದ್ದರೆ ಕಪಾಟಿಗೆ, ಸೋತರೆ ಮರುದಿನವೇ ಮಾರಾಟಕ್ಕೆ. ಧೂಳು ಕೊಡವಲು ಹೆಂಗಸರ ಮೇಕಪ್ ಬ್ರಶ್ ಇಟ್ಟಿದ್ದರು. ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ನಾನು ಮರೆತು ಒಂದರ ಬಾನೆಟ್ ಮೇಲೆ ಬೆರಳಿಟ್ಟೆ. ಕಕ್ಷಿದಾರರು ಕೂತು ನೋಡುತ್ತಿದ್ದಂತೆಯೇ ನನ್ನ ಕೈಯಿಂದ ಕಾಲು ಗಂಟೆ ಒರೆಸಿಸಿದರು. "ಬೆರಳಿನ ಗುರುತಂದ್ರ ಸಾಕ್ಷಿ. ನಿನ್ನ ಸಾಕ್ಷಿ ಇಲ್ಲಿ ಯಾರ ಕೇಳ್ಯಾರ?"

ಆದರೆ ಕೆಲಸ! ಅರವತ್ತೈದು ದಾಟಿದ ಮನುಷ್ಯ ಪ್ರತಿ ಅಪಘಾತದ ಜಾಗಕ್ಕೂ ಲೋಕಲ್ ರೈಲು ಹಿಡಿದು ತಾವೇ ಹೋಗಿ, ಟೇಪು ಹಿಡಿದು, ಟ್ರಾಫಿಕ್ಕಿನ ನಡುವೆ ಕುಕ್ಕರಗಾಲಲ್ಲಿ ಕೂತು ರಸ್ತೆ ಅಳೆಯುತ್ತಿದ್ದರು. ಕೋರ್ಟಿನಲ್ಲಿ ಅವರ ಬಾಯಿಂದ ಒಂದು ಸುಳ್ಳು ಹೊರಟದ್ದನ್ನು ನಾನು ಕೇಳಿಲ್ಲ. ಇದನ್ನು ಹೊಗಳಿಕೆಯೆಂದು ಈಗಲೇ ತೀರ್ಮಾನಿಸಬೇಡಿ.

ನಾನು ಹೇಳಬೇಕಾದ ಕೇಸು ಮಲಾಡಿನದು. ದೊಡ್ಡ ಹೌಸಿಂಗ್ ಸೊಸೈಟಿಯೊಂದರ ಗೇಟಿನ ಪಕ್ಕ ಫುಟ್‌ಪಾತಿಗೆ ಬ್ಲಾಕ್ ಕೂಡಿಸುತ್ತಿದ್ದ ವಿಜಯಪುರ ಕಡೆಯ ಕೂಲಿಯೊಬ್ಬ ಗಾಡಿಗೆ ಸಿಕ್ಕು ಸತ್ತಿದ್ದ. ಗುಡ್ಡ, ಮರುಭೂಮಿ ಹತ್ತಿಳಿಯಲೆಂದು ತಯಾರಾಗಿ ಮಾಲಿನಿಂದ ಮಾಲಿಗೆ ಓಡಾಡುವ ಬಿಳಿಯ ಭಾರೀ ಜೀಪು ಅದು. ಗೇಟಿನಿಂದ ಜೋರಾಗಿ ಬಂತು ಎನ್ನುವುದು ಗಂಡನಿಗೆ ಬ್ಲಾಕ್ ಎತ್ತಿಕೊಡುತ್ತಿದ್ದ ಹೆಂಡತಿಯ ಮಾತು. ನಿಧಾನವಾಗಿಯೇ ಬಂದೆ, ಅವನೇ ಹಿಂದೆ ನೋಡದೆ ಎದ್ದು ರಸ್ತೆಗೆ ಬಂದ ಎನ್ನುವುದು ಚಾಲಕನ ಮಾತು. ಬೇರೆ ಸಾಕ್ಷಿಯಿಲ್ಲ, ಗೇಟಿನ ಕ್ಯಾಮೆರಾ ಕೆಟ್ಟಿತ್ತು. ಜೋರಾಗಿ ಬಂದಿದ್ದರೆ ಆಕೆಗೆ ಪರಿಹಾರ. ನಿಧಾನವಾಗಿ ಬಂದಿದ್ದರೆ ತಪ್ಪು ಸತ್ತವನದು, ಆಕೆ ಬರಿಗೈಯಲ್ಲಿ ಮನೆಗೆ.

ಪರದೇಶದಿಂದ ತರಿಸಿದ ಜೀಪಿನ ಮಾದರಿ ಮೊದಲು ಕಪ್ಪು ಬಣ್ಣದ್ದು ಬಂತು. ಬಿಳಿಯದೇ ಬೇಕೆಂದು ವಾಪಸು ಕಳಿಸಿ, ಕೋರ್ಟಿಗೆ ಹೋಗಿ 'ತೋರಿಸಬೇಕಾದ ವಸ್ತುವೊಂದು ಇನ್ನೂ ಬಂದಿಲ್ಲ' ಎಂದು ಮುಂದಿನ ತಾರೀಖು ಪಡೆದರು. ಅದೂ ಸುಳ್ಳಲ್ಲ. ಕೂಲಿ ಬಿಟ್ಟು ಬಂದಿದ್ದ ಆಕೆ ಮತ್ತೆ ಬರಬೇಕೇ ಎಂದು ಬಾಗಿಲ ಜವಾನನನ್ನು ಹಿಂದಿಯಲ್ಲಿ ಕೇಳುತ್ತಿದ್ದಳು, "ಫಿರ್ ಆನಾ ಕ್ಯಾ?"

ಕೊನೆಗೆ ಬಿಳಿಯದು ಬಂತು. ಕೈಗೆ ಕಲ್ಲಿನಷ್ಟು ಭಾರ. ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಗಾಲಿಗಳು ತಿರುಗುತ್ತಿದ್ದವು. ಹಿಂಬಾಗಿಲಿಗೆ ಸ್ಟೆಪ್ನಿ, ಒಳಗೆ ಹೊಲಿಗೆ ಕಾಣುವಂಥ ಕಂದು ಸೀಟು.

ಆಕೆಗೆ ಬರುತ್ತಿದ್ದುದು ಕೂಲಿಗೆ ಬೇಕಾದಷ್ಟು ಹಿಂದಿ ಮಾತ್ರ, ವಿಚಾರಣೆಯ ದಿನ ಕನ್ನಡದ ದುಭಾಷಿ ಬಂದಿರಲಿಲ್ಲ. ಆಕೆಯ ಉತ್ತರಗಳನ್ನು ತಮ್ಮ ಜೂನಿಯರ್ ಇಂಗ್ಲಿಷಿಗೆ ತಿರುಗಿಸಬಹುದು ಎಂದು ಸರ್ ಸೂಚಿಸಿದರು. ಬೇರೊಂದು ಫೈಲಿನಲ್ಲಿ ಮುಳುಗಿದ್ದ ಆಕೆಯ ವಕೀಲ ತಲೆ ಎತ್ತದೆ ಒಪ್ಪಿದ. ನಾನು ಕಟಕಟೆಯ ಪಕ್ಕ ನಿಂತೆ.

"ಯಾವೂರವ್ವಾ ನಿಂದು?" ಸರ್ ಕೇಳಿದರು.

ಸೆರಗು ಹಿಂಡುತ್ತ ನಿಂತಿದ್ದವಳ ಮುಖ ಅರಳಿತು. "ಇಂಡಿ ಕಡೇದ್ರಿ. ನೀವೂ ನಮ್ಮ ಕಡೆಯವರ ಏನ್ರಿ ಸಾಹೇಬ್ರ?"

"ಹೂಂ, ಧಾರವಾಡ. ಅಂಜಬ್ಯಾಡ. ಗಾಡಿ ಹೆಂಗ ಬಂತು, ಈ ಹಾಳಿ ಮ್ಯಾಲ ನಡಸಿ ತೋರಸು, ಸಾಕು."

ಮೇಜಿನ ಮೇಲೆ ಅಳತೆಗೆ ಸರಿಯಾಗಿ ರಸ್ತೆ ಬರೆದ ಹಾಳೆ ಹಾಸಿದ್ದರು. ಜೀಪನ್ನು ಡಬ್ಬಿಯಿಂದ ಎತ್ತಿ ಎರಡೂ ಕೈಯಿಂದ ಆಕೆಗೆ ಕೊಟ್ಟರು. ತಮ್ಮ ಕಾರನ್ನು ಅವರು ಮತ್ತೊಬ್ಬರ ಕೈಗೆ ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಹೌರಗ ಹಿಡಿಯವ್ವಾ, ಬಾಳ ತುಟ್ಟಿದು. ಒಂದ್ ಗೀರು ಬಿದ್ರ ಮುಗೀತು."

ಆಕೆ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಎಣ್ಣೆ ತುಂಬಿದ ಬಟ್ಟಲು ಹಿಡಿದಂತೆ ಹಿಡಿದು, ಗೇಟಿನ ಗುರುತಿನಲ್ಲಿ ಇಳಿಸಿ, ಮೆಲ್ಲಗೆ ನೂಕಿದಳು. ಹಾಳೆಯ ಮಡಿಕೆ ಗಾಲಿಗೆ ಅಡ್ಡ ಬಂದಾಗ ನಿಲ್ಲಿಸಿ, ಮಡಿಕೆಯನ್ನು ಬೆರಳಿನಿಂದ ಸವರಿ, ಮತ್ತೆ ಇಂಚಿಂಚೇ ನೂಕಿ, ಗಂಡ ಕೂತಿದ್ದ ಜಾಗಕ್ಕೆ ಮುಟ್ಟಿಸಿದಳು.

ಸರ್ ನ್ಯಾಯಾಧೀಶರತ್ತ ತಿರುಗಿದರು. ಗಾಡಿ ನಿಧಾನವಾಗಿ ಬಂದುದನ್ನು ಸಾಕ್ಷಿ ತಾನೇ ನಡೆಸಿ ತೋರಿಸಿದ್ದಾಳೆ, ಇದು ದಾಖಲಾಗಲಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಟೈಪು ಶುರುವಾಯಿತು. ಮುಂಬಯಿಯಲ್ಲಿ ದುಡಿದವಳಿಗೆ 'ಸ್ಲೋ' ಎಂಬ ಮಾತು ತಿಳಿಯದಿರುತ್ತದೆಯೇ?

"ಇಲ್ರಿ, ಜೋರ್ ಬಂದಿತ್ರಿ! ತುಟ್ಟಿದು ಅಂದ್ರಲ್ರಿ, ಅದಕ್ಕ ಹೌರಗ ನೂಕೀನಿ. ತಂಗೀ, ಹೇಳವಾ ಅವರಿಗೆ!"

"ಪ್ರಶ್ನಿ ಮುಗದದ," ಎಂದರು ಸರ್, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ನ್ಯಾಯಾಧೀಶರು ಮುಂದಿನ ಫೈಲಿಗೆ ಕೈ ಚಾಚಿದ್ದರು. ನಾನು ಬಾಯಿ ತೆರೆಯಲಿಲ್ಲ.

ಹೆದರಿ ಸುಮ್ಮನಾದೆ ಎಂದರೆ ನೀವು ನಂಬುತ್ತೀರಿ, ಕ್ಷಮಿಸಲೂಬಹುದು. ಆದರೆ ನನಗೆ ಹೆದರಿಕೆಯಾಗಿರಲಿಲ್ಲ. ಮೈ ಜುಮ್ಮೆಂದಿತ್ತು. ಅಷ್ಟು ಚೊಕ್ಕವಾದ ಪಟ್ಟನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಕೆಡಿಸಲು ಮನಸ್ಸು ಬರಲಿಲ್ಲ.

ಮನಸ್ಸು ಚುಚ್ಚತೊಡಗಿದ್ದು ಅರ್ಧ ಗಂಟೆಯ ಮೇಲೆ, ಕೋರ್ಟಿನ ಹಿಂದಿನ ಉಡುಪಿ ಹೋಟೆಲಿನಲ್ಲಿ ಇಬ್ಬರೂ ವಡೆ ತಿನ್ನುತ್ತಿದ್ದಾಗ.

"ಸರ್, ಅದು ಮೋಸ."

"ಯಾವ ಮಾತು ಸುಳ್ಳ ಹೇಳಿದೆ?"

"ತುಟ್ಟಿದು ಅಂತ ಅವಳನ್ನ ಹೆದರಿಸಿದ್ರಿ."

"ತುಟ್ಟಿದ ಅಲ್ಲೇನು? ಬಿಲ್ ತೋರಸ್ಲಿ?"

"ಅವಳು ತಕ್ಷಣ ಕರೆಕ್ಟ್ ಮಾಡಿದ್ಳಲ್ಲ ಸರ್!"

"ಯಾರ ಮುಂದ? ಜಡ್ಜ್‌ಗ ಕನ್ನಡ ಬರಂಗಿಲ್ಲ. ಅಲ್ಲಿ ಆಕಿ ಬಾಯಿ ಅಂದ್ರ ನೀ. ನಾ ನಿನ್ನ ಬಾಯಿ ಮುಚ್ಚು ಅಂದ್ನೇನು?"

"ಪ್ರಶ್ನೆ ಮುಗೀತು ಅಂದ್ರಿ."

"ಮುಗದಿತ್ತು, ಮುಗೀತಂದೆ. ಮುಂದಿಂದು ನಿನ್ನ ಖುಷಿ." ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು. "ತಿನ್ನು, ವಡಿ ಆರ್ತದ."

ತಿಂದೆ. ಅವರ ವಾದದಲ್ಲಿ ಬಿರುಕು ಹುಡುಕುತ್ತ ತಿಂದೆ. ಇಂದಿಗೂ ಸಿಕ್ಕಿಲ್ಲ.

ತೀರ್ಪಿಗೆ ಮೊದಲೇ ಅವರು ಹೋದರು. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಯೆದುರೇ ಕುಸಿದರಂತೆ, ಅರ್ಧ ಮುಖದ ಮೇಲೆ ಸೋಪಿನ ನೊರೆ ಹಾಗೇ ಇತ್ತಂತೆ. ಮಾಟುಂಗದ ಸಭಾಂಗಣದಲ್ಲಿ ಶೋಕಸಭೆ ನಡೆಯಿತು. ಚೆನ್ನಾಗಿ ಮಾತಾಡುತ್ತೇನೆಂದು ನನ್ನನ್ನೂ ನಿಲ್ಲಿಸಿದರು. ಅವರು ಎಂದೂ ಸುಳ್ಳಾಡಲಿಲ್ಲ ಎಂದೆ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಸರ್ ಅವರ ಮಗ ಎರಡೇ ವಾರದಲ್ಲಿ ಇಡೀ ಕಪಾಟನ್ನು ಆನ್‌ಲೈನಿನಲ್ಲಿ ಮಾರಿದ. ಕೊಂಡವನು ಕೇಳಿದ್ದು ಒಂದೇ ಪ್ರಶ್ನೆ: ಕಾರುಗಳ ಮೂಲ ಡಬ್ಬಿಗಳು ಇವೆಯೇ?

ಅವರ ಋಣ ನನ್ನ ಮೇಲಿದೆ, ಅಲ್ಲಗಳೆಯುವುದಿಲ್ಲ. ನಾನೀಗ ಸಾಕ್ಷಿಯ ಮಾತಿಗಿಂತ ಮೊದಲು ಸಾಕ್ಷಿಯ ಕೈ ನೋಡುತ್ತೇನೆ. ಆ ಕಣ್ಣು ಅವರು ಕೊಟ್ಟದ್ದು, ಅದರಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ.

ತೀರ್ಪು ತರಲು ಹೋದವಳು ನಾನೊಬ್ಬಳೇ. ಕಾರಿಡಾರಿನಲ್ಲಿ ಆಕೆ ಕಾಗದ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಹತ್ತಿರ ಬಂದಳು.

"ತಂಗೀ, ನಮ್ಮ ವಕೀಲ ಕಾಗದ ಕೊಟ್ಟು ಹೋಗಿಬಿಟ್ರು. ಏನ್ ಬರದಾರ, ಓದಿ ಹೇಳವಾ."

ಓದಿದೆ. ಈ ಸಲ ಒಂದು ಸಾಲೂ ಬಿಡದೆ ಕನ್ನಡಕ್ಕೆ ತಿರುಗಿಸಿದೆ. ಅರ್ಜಿ ವಜಾ. ಗಾಡಿ ನಿಧಾನವಾಗಿ ಬಂತೆಂದು ಸಾಕ್ಷಿಯೇ ತೋರಿಸಿಕೊಟ್ಟಿದ್ದಾಳೆ.

"ಜೋರ್ ಬಂತು ಅಂದಿದ್ನಲ್ಲ," ಎಂದಳು. "ನೀ ಅಲ್ಲೇ ಇದ್ದಿ. ಕೇಳಿದ್ದಿಲ್ಲೇನು?"

"ಕೇಳಿದ್ದೆ."

"ಮತ್ತ?"

ಅಪೀಲು ಮಾಡಬಹುದು, ಆ ದಿನ ನೀವು ಹೇಳಿದ್ದನ್ನು ನಾನೇ ಅಫಿಡವಿಟ್‌ನಲ್ಲಿ ಬರೆದುಕೊಡುತ್ತೇನೆ ಎಂದು ಶುರುಮಾಡಿದೆ. ಆಕೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಮೆಟ್ಟಿಲಿಳಿದು ಬೀದಿಗೆ ಬಂದು, ಸ್ಟೇಷನ್ನಿನ ದಾರಿ ಮರೆತವಳಂತೆ ಅತ್ತ ಇತ್ತ ನೋಡಿದಳು. ನಾನು ಹಿಂದೆಯೇ ಓಡಿದೆ.

"ಮಲಾಡ್ ಲೋಕಲ್ ಅಲ್ವಾ? ಬನ್ನಿ, ಚರ್ಚ್‌ಗೇಟ್ ತನಕ ನಾನೇ ಬರ್ತೀನಿ."

"ನೀ ಬ್ಯಾಡ," ಎಂದಳು. "ಹಿಂದಿಯವರನ್ನ ಕೇಳ್ಕೋತ ಹೋಗ್ತೀನಿ."