ತೆವಳುತ್ತಿದ್ದ ಸ್ಕ್ಯಾನ್

ಹರಿಹರದ ಸ್ಕ್ಯಾನಿಂಗ್ ಸೆಂಟರಿನಿಂದ ತಲೆಗೆ ಪೆಟ್ಟಾದವರೊಬ್ಬರ ಚಿತ್ರಗಳು ದಾವಣಗೆರೆಯ ಡಾಕ್ಟರಿಗೆ ಹೋಗದೆ ತೆವಳುತ್ತಿದ್ದವು. ಸೆಂಟರಿನಲ್ಲಿ ಚಿತ್ರ ಕಳಿಸುವ ಲಿನಕ್ಸ್ ಸರ್ವರ್ ನೋಡಿಕೊಳ್ಳುವವನು ನಾನು.

"ನೆಟ್‌ವರ್ಕ್ ಕಾರ್ಡ್ ಕೆಟ್ಟೈತೆ, ಬ್ಯಾರೆ ತರಿಸ್ರಿ," ಎಂದರು ಟೆಕ್ನಿಷಿಯನ್ ನಸ್ರೀನ್.

"ಸ್ವಲ್ಪ ತಡೀರಿ ಮೇಡಂ," ಎಂದು ಕಮಾಂಡ್ ಕೊಟ್ಟು ನೋಡಿದೆ. ನಮ್ಮ ಕಾರ್ಡು ಕಳಿಸುವುದು, ಪಡೆಯುವುದು ಎರಡರಲ್ಲಿ ಒಂದು ಸಲಕ್ಕೆ ಒಂದನ್ನೇ ಮಾಡುತ್ತಿತ್ತು. ಕೇಬಲ್ಲಿನ ಆ ತುದಿಯ ನೆಟ್‌ವರ್ಕ್ ಸ್ವಿಚ್ಚು ಎರಡನ್ನೂ ಒಟ್ಟಿಗೆ ಮಾಡುತ್ತಿತ್ತು. ಹಾಗಾಗಿ ಡೇಟಾ ನಡುವೆಯೇ ಡಿಕ್ಕಿ ಹೊಡೆಯುತ್ತಿತ್ತು. ಯಾರೋ ಬದಲಿಸಿದ್ದ ಸ್ವಿಚ್ಚಿನ ಸೆಟ್ಟಿಂಗನ್ನು 'ಆಟೊ'ಗೆ ತಂದೆ. ಚಿತ್ರಗಳು ಸರಸರನೆ ಹೊರಟವು.

ಡಾಕ್ಟರ ಫೋನ್ ಬಂತು. "ಒಳಗೆ ರಕ್ತ ಹೆಪ್ಪುಗಟ್ಟಿಲ್ವಂತೆ, ಹೆದರಬ್ಯಾಡ್ರಿ," ಎಂದು ನಸ್ರೀನ್ ಗಾಯಾಳುವಿನ ಹೆಂಡತಿಗೆ ಹೇಳಿದರು.

ಆಕೆ ಕಂಪ್ಯೂಟರ್ ಮುಂದೆ ಕೂತಿದ್ದ ನನಗೆ ಕೈಮುಗಿದು, "ನಿಮಗೆ ಪುಣ್ಯ ಬರ್ಲಿ ಡಾಕ್ಟ್ರೆ," ಎಂದರು.

ನಾನು ಡಾಕ್ಟರಲ್ಲ ಅನ್ನಬೇಕಿತ್ತು. ಯಾಕೋ ಆ ಗಳಿಗೆಯಲ್ಲಿ ಮನಸ್ಸಾಗಲಿಲ್ಲ.